ಪೆಟ್ಟು ತಲೆಗೆ, ಗುರುತು ಕಣ್ಣೊಳಗೆ

ಮಗು ಬಿದ್ದರೆ ಮನೆಯವರ ಕೈ ಮೊದಲು ಹೋಗುವುದು ನೆತ್ತಿಗೆ. ಬುಗುಟೆ ಎದ್ದಿದೆಯೇ, ಮೂಗು ಕಿವಿಯಲ್ಲಿ ರಕ್ತ ಬಂದಿದೆಯೇ, ಬಿದ್ದ ಕೂಡಲೇ ಅತ್ತಿತೇ ಇಲ್ಲವೇ ಎಂದು ನೋಡುತ್ತಾರೆ. ಆಮೇಲೆ ಕಣ್ಣು. ಬಿಳಿ ಭಾಗ ಕೆಂಪಾಗಿದ್ದರೆ ಸಿಕ್ಕ ಆಟೊ ಹತ್ತಿ ಆಸ್ಪತ್ರೆಗೆ ಓಡುತ್ತಾರೆ. ಬೆಳ್ಳಗಿದ್ದರೆ, ‘ಏನೂ ಆಗಿಲ್ಲ ಬಿಡವ್ವ, ಬೆಚ್ಚಿಬಿದ್ದೈತೆ ಅಷ್ಟೆ’ ಎಂದು ಅಜ್ಜಿ ದೃಷ್ಟಿ ತೆಗೆದು ಮಲಗಿಸುತ್ತಾರೆ. ವೈದ್ಯರ ಲೆಕ್ಕ ಇದಕ್ಕೆ ಹೆಚ್ಚುಕಡಿಮೆ ತಿರುಗುಮುರುಗು. ಬಿಳಿ ಭಾಗದ ಕೆಂಪು ನೋಡಲು ಭಯಂಕರವಾಗಿದ್ದರೂ ಬಹುಪಾಲು ಸಲ ಎರಡು ವಾರದಲ್ಲಿ ತಾನೇ ಕರಗುತ್ತದೆ. ತಲೆಯೊಳಗಿನ ಅನಾಹುತದ ಜೊತೆ ಬರುವ ರಕ್ತ ಇರುವುದು ಕಣ್ಣುಗುಡ್ಡೆಯ ಹಿಂಬದಿಯಲ್ಲಿ, ರೆಟಿನಾ ಎಂಬ ತೆಳುಪರದೆಯ ಪದರಗಳ ನಡುವೆ. ಹೊರಗಿನಿಂದ ಅದು ಯಾರಿಗೂ ಕಾಣುವುದಿಲ್ಲ. ಹೆತ್ತವಳಿಗೂ ಇಲ್ಲ, ಟಾರ್ಚ್ ಹಿಡಿದು ಬಗ್ಗಿದ ಡ್ಯೂಟಿ ಡಾಕ್ಟರಿಗೂ ಇಲ್ಲ.

ಅದನ್ನು ಕಾಣಬೇಕಾದರೆ ಪಾಪೆ ಹಿಗ್ಗಿಸುವ ಹನಿ ಹಾಕಿ ಅರ್ಧ ಗಂಟೆ ಕಾಯಬೇಕು. ಕಣ್ಣಿನ ತಜ್ಞರು ಹಣೆಗೆ ದೀಪದ ಪಟ್ಟಿ ಕಟ್ಟಿಕೊಂಡು, ಬೆರಳುಗಳ ನಡುವೆ ಮಸೂರ ಹಿಡಿದು, ಬಟ್ಟೆಯಲ್ಲಿ ಸುತ್ತಿದ ಕೂಸಿನ ಕಣ್ಣನ್ನು ಪರದೆಯ ಅಂಚಿನವರೆಗೂ ತಿರುಗಿಸಿ ನೋಡಬೇಕು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗೆ ಇಣುಕುವ ಉಪಕರಣವನ್ನು ಜಗತ್ತಿಗೆ ತೋರಿಸಿದ್ದು 1851ರಲ್ಲಿ. ವಿಧಾನ ಹೊಸದಲ್ಲ, ದುಬಾರಿಯದೂ ಅಲ್ಲ. ಆದರೂ ತಲೆಗೆ ಪೆಟ್ಟಾದ ಹಸುಗೂಸಿನ ವಿಷಯದಲ್ಲಿ ‘ಸ್ಕ್ಯಾನ್ ಆಯ್ತಾ?’ ಎಂದು ಊರೆಲ್ಲ ಕೇಳುತ್ತದೆ, ‘ಕಣ್ಣೊಳಗೆ ನೋಡಿದ್ರಾ?’ ಎಂದು ಕೇಳುವವರು ಅಪರೂಪ. ಈ ಲೇಖನದ ತಕರಾರು ಅಷ್ಟೇ. ಅದೊಂದು ಪ್ರಶ್ನೆ ಕೇಳದೆ ಬಿಟ್ಟರೆ ಒಂದೋ ಹಿಂಸೆಗೆ ಸಿಕ್ಕಿದ ಮಗು ಅದೇ ಕೈಗಳಿಗೆ ವಾಪಸು ಹೋಗುತ್ತದೆ, ಇಲ್ಲವೇ ಏನೂ ತಪ್ಪು ಮಾಡದ ಅಪ್ಪ ಅಮ್ಮ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂರುತ್ತಾರೆ.

ಕುಣಿಗಲ್‌ನಿಂದ ಮೂರು ದಾರಿ

ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರ್. ತಿಪಟೂರು ಕಡೆಯ ಹೆದ್ದಾರಿಯಲ್ಲಿ ಮಗು ಗಾಯಗೊಂಡರೆ ದಾರಿ ಒಂದೇ, ತುಮಕೂರಿನದು. ಜಿಲ್ಲಾಸ್ಪತ್ರೆ, ಅಗಳಕೋಟೆಯ ಸಿದ್ಧಾರ್ಥ ವೈದ್ಯಕೀಯ ಕಾಲೇಜು ಅಥವಾ ಯಾವುದಾದರೊಂದು ನರ್ಸಿಂಗ್ ಹೋಮ್. ಕುಣಿಗಲ್ ಹಾಗಲ್ಲ. ಉತ್ತರಕ್ಕೆ ಹೊರಟರೆ ತುಮಕೂರು. ಪೂರ್ವಕ್ಕೆ ನೆಲಮಂಗಲ ದಾಟಿದರೆ ಸುಮಾರು 70 ಕಿಲೋಮೀಟರ್‌ಗೆ ಬೆಂಗಳೂರು, ಅಲ್ಲಿ ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಮಿಂಟೊ ಕಣ್ಣಿನ ಆಸ್ಪತ್ರೆ. ಪಶ್ಚಿಮಕ್ಕೆ ಹಾಸನದ ರಸ್ತೆ ಹಿಡಿದರೆ ಬೆಳ್ಳೂರು ಕ್ರಾಸ್ ಹತ್ತಿರ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ. ಯಾವ ಕಡೆ ತಿರುಗುವುದೆಂದು ತೀರ್ಮಾನಿಸುವವರು ಒಮ್ಮೊಮ್ಮೆ ತಾಲ್ಲೂಕು ಆಸ್ಪತ್ರೆಯ ವೈದ್ಯರು, ಒಮ್ಮೊಮ್ಮೆ 108ರ ಸಿಬ್ಬಂದಿ, ಬಹಳ ಸಲ ಮಗುವಿನ ಸೋದರಮಾವ.

ದಾರಿ ಕವಲೊಡೆಯುವಂತೆ ಕಥೆಯೂ ಕವಲೊಡೆಯುತ್ತದೆ. ಮೊದಲ ಆಸ್ಪತ್ರೆಯಲ್ಲಿ ‘ಜೋಲಿಯಿಂದ ಬಿತ್ತು’ ಎಂದು ಹೇಳಿದವರು ಅಜ್ಜಿ. ಎರಡನೆಯ ಕಡೆ ‘ಮಂಚದಿಂದ ಬಿತ್ತಂತೆ’ ಎಂದವರು ಕೆಲಸದಿಂದ ಓಡಿಬಂದ ಅಪ್ಪ. ಬೆಂಗಳೂರಿನಲ್ಲಿ ‘ಬಿದ್ದಿದ್ದು ಯಾರೂ ನೋಡಿಲ್ಲ, ವಾಂತಿ ಮಾಡ್ತಿತ್ತು’ ಎಂದವರು ತಾಯಿ. ಮೂರೂ ಕೇಸ್ ಶೀಟಿಗೆ ಏರುತ್ತವೆ. ಮಕ್ಕಳ ಹಿಂಸೆಯ ಬಗ್ಗೆ ಬರೆದ ಪಠ್ಯಗಳೆಲ್ಲ ಹೇಳುವ ಮೊದಲ ಎಚ್ಚರಿಕೆ, ‘ಹೇಳಿಕೆ ಬದಲಾಗುತ್ತಿದೆಯೇ ನೋಡಿ’ ಎಂಬುದು. ಆ ಎಚ್ಚರಿಕೆ ಸರಿಯೇ. ಆದರೆ ಅದು ಹುಟ್ಟಿದ್ದು ಅಪ್ಪ ಅಮ್ಮ ಇಬ್ಬರೇ ಮಗುವನ್ನು ಎತ್ತಿಕೊಂಡು ಒಂದೇ ಆಸ್ಪತ್ರೆಗೆ ಬರುವ ದೇಶಗಳಲ್ಲಿ. ನಮ್ಮಲ್ಲಿ ಆಸ್ಪತ್ರೆಯೂ ಬದಲಾಗುತ್ತದೆ, ಹೇಳುವವರೂ ಬದಲಾಗುತ್ತಾರೆ. ಬಾಣಂತನದ ಮನೆಯಲ್ಲಿ ಕೂಸು ದಿನಕ್ಕೆ ಐದಾರು ಮಡಿಲು ದಾಟುತ್ತದೆ. ಹಾಗಾಗಿ ಮೊದಲ ವೈದ್ಯರು ಯಾರ ಬಾಯಿಂದ ಏನು ಕೇಳಿದರು, ಆ ವ್ಯಕ್ತಿ ಸ್ವತಃ ನೋಡಿದ್ದರೇ ಅಥವಾ ಯಾರೋ ಹೇಳಿದ್ದನ್ನು ಹೇಳಿದರೇ ಎಂಬುದನ್ನು ಬರೆದಿಡದಿದ್ದರೆ, ಮುಂದಿನ ಅನುಮಾನಗಳಿಗೆಲ್ಲ ಬುಡವೇ ಇರುವುದಿಲ್ಲ.

ಇನ್ನೊಂದು ತೊಂದರೆ ಸಮಯದ್ದು. ರೆಟಿನಾದ ಪದರಗಳೊಳಗೆ ಹರಡಿದ ಸಣ್ಣ ರಕ್ತದ ಚುಕ್ಕೆಗಳು ಕೆಲವೇ ದಿನಗಳಲ್ಲಿ ಮಾಯವಾಗತೊಡಗುತ್ತವೆ. ಮೇಲ್ಪದರದಲ್ಲಿ ಮಡುಗಟ್ಟಿದ ರಕ್ತ ವಾರಗಟ್ಟಲೆ ಉಳಿಯಬಹುದು. ಆದ್ದರಿಂದ ಮೊದಲ 24 ಗಂಟೆಯೊಳಗೆ, ತಪ್ಪಿದರೆ 72 ಗಂಟೆಯೊಳಗೆ ಕಣ್ಣು ನೋಡಬೇಕೆಂದು ತಜ್ಞರು ಹೇಳುತ್ತಾರೆ. ಮಗು ಐಸಿಯುನಲ್ಲಿ ಜೀವಕ್ಕಾಗಿ ಹೋರಾಡುತ್ತಿರುವಾಗ ಕಣ್ಣಿನ ಡಾಕ್ಟರನ್ನು ಕರೆಯಲು ಯಾರಿಗೂ ಹೊಳೆಯುವುದಿಲ್ಲ. ಹೊಳೆದರೂ ಒಂದು ತೊಡಕುಂಟು. ಪಾಪೆಯ ಗಾತ್ರ ನರಶಸ್ತ್ರಜ್ಞರಿಗೆ ಮಿದುಳಿನ ಒತ್ತಡ ತಿಳಿಸುವ ಸೂಚನೆ, ಹನಿ ಹಾಕಿದರೆ ಕೆಲವು ಗಂಟೆ ಆ ಸೂಚನೆ ಸಿಗುವುದಿಲ್ಲ. ಇಬ್ಬರೂ ಮಾತಾಡಿಕೊಂಡು, ಬೇಗ ಇಳಿಯುವ ಹನಿ ಹಾಕಿ, ಹಾಕಿದ ಹೊತ್ತನ್ನು ಕೇಸ್ ಶೀಟಿನಲ್ಲಿ ದಪ್ಪಕ್ಷರದಲ್ಲಿ ಬರೆದರೆ ಮುಗಿಯಿತು. ಇದು ದೊಡ್ಡ ವಿಜ್ಞಾನವಲ್ಲ, ಇಬ್ಬರು ವೈದ್ಯರ ನಡುವಿನ ಒಂದು ಫೋನ್ ಕರೆ.

ಪರದೆ ಏಕೆ ಒಸರುತ್ತದೆ

ಹಸುಗೂಸಿನ ತಲೆ ಮೈಯ ಉದ್ದದ ಕಾಲುಭಾಗ. ಕತ್ತಿನ ಸ್ನಾಯು ಇನ್ನೂ ಬಲಿತಿರುವುದಿಲ್ಲ, ಮಿದುಳಿನಲ್ಲಿ ನೀರಿನಂಶ ಹೆಚ್ಚು. ಮಗುವಿನ ಎದೆಯನ್ನೋ ತೋಳನ್ನೋ ಹಿಡಿದು ಜೋರಾಗಿ ಹಿಂದಕ್ಕೂ ಮುಂದಕ್ಕೂ ಅಲುಗಾಡಿಸಿದರೆ ತಲೆ ಚಾಟಿಯ ತುದಿಯಂತೆ ಬೀಸುತ್ತದೆ. ಮಿದುಳಿಗೂ ಅದರ ಹೊದಿಕೆಗೂ ನಡುವೆ ಇರುವ ಸೂಕ್ಷ್ಮ ರಕ್ತನಾಳಗಳು ಹರಿಯುತ್ತವೆ. ಕಣ್ಣೊಳಗೂ ಅದೇ ಹೊತ್ತಿಗೆ ಅಂಥದ್ದೇ ಒಂದು ಸೆಳೆತ ನಡೆಯುತ್ತದೆ ಎಂಬುದು ಹೆಚ್ಚು ವೈದ್ಯರು ಒಪ್ಪುವ ವಿವರಣೆ. ಕಣ್ಣುಗುಡ್ಡೆಯ ಒಳಗೆ ತುಂಬಿರುವ ಲೋಳೆ ದೊಡ್ಡವರಲ್ಲಿ ವಯಸ್ಸಾದಂತೆ ಪರದೆಯಿಂದ ಬಿಡಿಸಿಕೊಳ್ಳುತ್ತದೆ. ಕೂಸಿನಲ್ಲಿ ಹಾಗಿಲ್ಲ. ಎಳನೀರಿನ ಗಂಜಿ ಚಿಪ್ಪಿನ ಒಳಮೈಗೆ ಕಚ್ಚಿಕೊಂಡಿರುವ ಹಾಗೆ ಈ ಲೋಳೆ ಪರದೆಯ ನಡುಭಾಗಕ್ಕೆ, ರಕ್ತನಾಳಗಳಿಗೆ, ಅಂಚಿಗೆ ಬಿಗಿಯಾಗಿ ಅಂಟಿರುತ್ತದೆ. ತಲೆ ಬೀಸಿದಾಗಲೆಲ್ಲ ಲೋಳೆ ಪರದೆಯನ್ನು ಎಳೆಯುತ್ತದೆ. ಎಳೆದಷ್ಟೂ ಪದರಗಳು ಬಿಡುತ್ತವೆ, ನಾಳಗಳು ಒಸರುತ್ತವೆ. ತೀವ್ರ ಪ್ರಕರಣಗಳಲ್ಲಿ ರಕ್ತದ ಚುಕ್ಕೆಗಳು ಎಣಿಸಲಾರದಷ್ಟು, ಎಲ್ಲ ಪದರಗಳಲ್ಲೂ, ಅಂಚಿನವರೆಗೂ ಹರಡಿರುತ್ತವೆ.

ತಲೆಬುರುಡೆಯೊಳಗಿನ ಒತ್ತಡ ಏರಿದಾಗ, ಉಸಿರು ನಿಂತು ಆಮ್ಲಜನಕ ಕಡಿಮೆಯಾದಾಗಲೂ ಪರದೆಯಲ್ಲಿ ರಕ್ತ ಕಾಣಿಸಬಹುದು. ಅಂಥ ರಕ್ತ ಸಾಮಾನ್ಯವಾಗಿ ಕಣ್ಣಿನ ನರದ ಸುತ್ತ, ಬೆರಳೆಣಿಕೆಯಷ್ಟು ಚುಕ್ಕೆಗಳಾಗಿರುತ್ತದೆ. ‘ರಕ್ತ ಇದೆ’ ಎಂದಷ್ಟೇ ಬರೆದ ವರದಿಗೆ ಹಾಗಾಗಿ ಬೆಲೆ ಕಡಿಮೆ. ಎಷ್ಟು, ಯಾವ ಪದರದಲ್ಲಿ, ಎಲ್ಲಿಯವರೆಗೆ, ಒಂದೇ ಕಣ್ಣಿನಲ್ಲೋ ಎರಡರಲ್ಲೂ ಇದೆಯೋ ಎಂದು ಬರೆಯಬೇಕು.

ಆಗ ಓದುಗರ ಪ್ರಶ್ನೆ ಬರುತ್ತದೆ. ಹಾಗಾದರೆ ಮಂಚದಿಂದ ಬಿದ್ದರೆ? ಸಾಮಾನ್ಯವಾಗಿ ಏನೂ ಆಗುವುದಿಲ್ಲ. ವೇಲ್ಸ್‌ನ ಕಾರ್ಡಿಫ್ ವೈದ್ಯರ ತಂಡ 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಹಿಂಸೆಯಿಂದ ತಲೆಗೆ ಪೆಟ್ಟಾದ ಮಕ್ಕಳಲ್ಲಿ ಶೇ 78ರಷ್ಟು ಕೂಸುಗಳ ರೆಟಿನಾದಲ್ಲಿ ರಕ್ತ ಕಂಡಿತ್ತು. ಬೇರೆ ಕಾರಣದಿಂದ ಪೆಟ್ಟಾದವರಲ್ಲಿ ಶೇ 5ರಷ್ಟು ಮಾತ್ರ, ಅದೂ ಸ್ವಲ್ಪವೇ. ಅಂತರ ದೊಡ್ಡದು. ಆದರೆ ಈ ಅಂಕಿಗಳನ್ನು ಓದುವಾಗ ಒಂದು ಹುಷಾರು ಬೇಕು. ಕಣ್ಣಿನಲ್ಲಿ ರಕ್ತ ಇದೆ ಎಂಬ ಕಾರಣಕ್ಕೇ ‘ಇದು ಹಿಂಸೆ’ ಎಂದು ತೀರ್ಮಾನಿಸಿದ ಮಕ್ಕಳೂ ಇಂಥ ಲೆಕ್ಕದೊಳಗೆ ಸೇರಿಬಿಡಬಹುದು. ಆಗ ಲೆಕ್ಕ ತನ್ನ ಬಾಲವನ್ನು ತಾನೇ ಕಚ್ಚುತ್ತದೆ. ಇದನ್ನು ಎತ್ತಿ ತೋರಿಸಿದವರೂ ವೈದ್ಯರೇ.

ಒಬ್ಬ ವೈದ್ಯ, ಎರಡು ಮಾತು

ನಾರ್ಮನ್ ಗತ್‌ಕೆಲ್ಚ್ ಇಂಗ್ಲೆಂಡಿನ ನರಶಸ್ತ್ರಜ್ಞ, 1915ರಲ್ಲಿ ಹುಟ್ಟಿದವರು. ತಲೆಯ ಮೇಲೆ ಒಂದು ಗೀರೂ ಇಲ್ಲದ ಕೂಸುಗಳ ಮಿದುಳಿನ ಸುತ್ತ ರಕ್ತ ತುಂಬಿರುವುದನ್ನು ಮತ್ತೆ ಮತ್ತೆ ಕಂಡು ಅವರು ತಲೆಕೆಡಿಸಿಕೊಂಡಿದ್ದರು. ಮಕ್ಕಳನ್ನು ಹೊಡೆಯುವುದು ತಪ್ಪು, ಹಿಡಿದು ಅಲುಗಾಡಿಸಿದರೆ ಅಷ್ಟೇನಲ್ಲ ಎಂಬ ನಂಬಿಕೆ ಅಲ್ಲಿನ ಅಪ್ಪ ಅಮ್ಮಂದಿರಲ್ಲಿ ಇದ್ದದ್ದು ಅವರ ಗಮನಕ್ಕೆ ಬಂತು. 1971ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಚಿಕ್ಕ ಲೇಖನ ಬರೆದರು: ಅಲುಗಾಟವೇ ಈ ರಕ್ತಸ್ರಾವಕ್ಕೆ ಕಾರಣವಿರಬಹುದು, ಪೋಷಕರನ್ನು ಆ ಬಗ್ಗೆ ಕೇಳಿ ನೋಡಿ. ಅದಕ್ಕೆ ಮುಂಚೆ ಅಮೆರಿಕದ ಜಾನ್ ಕ್ಯಾಫಿ 1946ರಲ್ಲೇ ಮಿದುಳಿನ ರಕ್ತಸ್ರಾವದ ಜೊತೆ ಕೈಕಾಲಿನ ಮೂಳೆ ಮುರಿದಿದ್ದ ಆರು ಮಕ್ಕಳ ಬಗ್ಗೆ ಬರೆದಿದ್ದರು. ಹೆನ್ರಿ ಕೆಂಪೆ 1962ರಲ್ಲಿ ಬರೆದ ಲೇಖನ ‘ಮನೆಯಲ್ಲೇ ಹೊಡೆತ ತಿಂದ ಮಗು’ ಎಂಬ ವಿಷಯವನ್ನು ವೈದ್ಯರ ಕೋಣೆಯಿಂದ ಶಾಸನಸಭೆಗಳವರೆಗೆ ಒಯ್ದಿತು. 1970ರ ದಶಕದಲ್ಲಿ ಕ್ಯಾಫಿ ಅಲುಗಾಟದ ಮಾತಿಗೆ ಬಲ ತುಂಬಿದರು. ‘ಶೇಕನ್ ಬೇಬಿ ಸಿಂಡ್ರೋಮ್’ ಎಂಬ ಹೆಸರು ನಿಂತದ್ದು ಹೀಗೆ. ಮಿದುಳಿನ ಹೊದಿಕೆಯಡಿ ರಕ್ತ, ಮಿದುಳಿನ ಊತ, ರೆಟಿನಾದಲ್ಲಿ ರಕ್ತ, ಈ ಮೂರೂ ಒಟ್ಟಿಗೆ ಇದ್ದರೆ ಕೂಸನ್ನು ಯಾರೋ ಅಲುಗಾಡಿಸಿದ್ದಾರೆಂದು ಹೇಳಿಬಿಡುವುದು ಪಾಶ್ಚಾತ್ಯ ನ್ಯಾಯಾಲಯಗಳಲ್ಲಿ ರೂಢಿಯಾಯಿತು.

ನಾಲ್ಕು ದಶಕದ ನಂತರ, ತೊಂಬತ್ತು ದಾಟಿದ ಗತ್‌ಕೆಲ್ಚ್‌ಗೆ ಅಮೆರಿಕದಲ್ಲಿ ಜೈಲು ಸೇರಿದ ತಂದೆಯೊಬ್ಬನ ಕಡತ ಓದಲು ಕೊಟ್ಟರು. ಮಗುವಿಗೆ ಮೊದಲೇ ಕಾಯಿಲೆ ಇದ್ದುದನ್ನು ಅವರು ಅದರಲ್ಲಿ ಕಂಡರು. ತಮ್ಮ ಊಹೆಯನ್ನು ಜನ ತೀರ್ಪಿನಂತೆ ಬಳಸುತ್ತಿದ್ದಾರೆಂದು ಅವರಿಗೆ ಕಸಿವಿಸಿಯಾಯಿತು. ಕಾರಣವನ್ನು ಹೆಸರಿನಲ್ಲೇ ತುರುಕುವ ಬದಲು, ಕಂಡದ್ದನ್ನಷ್ಟೇ ಹೇಳುವ ಹೆಸರಿಡಿ ಎಂದು 2012ರಲ್ಲಿ ಬರೆದರು. 2016ರಲ್ಲಿ ತೀರಿಕೊಂಡಾಗ ಅವರಿಗೆ ನೂರು ವರ್ಷ. ಅವರು ಹಿಂಸೆಯನ್ನು ಅಲ್ಲಗಳೆದರೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಅಲುಗಾಟ ಅಪಾಯ ಎಂಬ ಮಾತನ್ನು ಅವರು ಬಿಡಲಿಲ್ಲ. ಕಣ್ಣಿನ ರಕ್ತವೊಂದನ್ನೇ ಹಿಡಿದು ಮನುಷ್ಯನನ್ನು ಅಪರಾಧಿ ಎನ್ನಬೇಡಿ ಎಂದರು, ಅಷ್ಟೆ.

ಜಗಳ ಇನ್ನೂ ಮುಗಿದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2009ರಲ್ಲೇ ಹಳೆಯ ಹೆಸರು ಕೈಬಿಟ್ಟು, ‘ಹಿಂಸೆಯಿಂದಾದ ತಲೆಗಾಯ’ ಎಂಬರ್ಥದ ಹೆಸರನ್ನು ಹಿಡಿಯಿತು. ಸ್ವೀಡನ್ನಿನ ಸರ್ಕಾರಿ ಪರಿಶೀಲನಾ ಸಂಸ್ಥೆ 2016ರಲ್ಲಿ, ಆ ಮೂರು ಲಕ್ಷಣಗಳಿಂದಲೇ ಅಲುಗಾಟವನ್ನು ಸಾಬೀತು ಮಾಡಲು ಸಾಕಷ್ಟು ವೈಜ್ಞಾನಿಕ ಆಧಾರ ಇಲ್ಲ ಎಂದಿತು. ಅಮೆರಿಕದ ವೈದ್ಯ ಸಂಘಗಳು 2018ರಲ್ಲಿ ಅದಕ್ಕೆ ಕಟುವಾಗಿ ಉತ್ತರಿಸಿದವು. ಟೆಕ್ಸಾಸ್‌ನಲ್ಲಿ ಎರಡು ವರ್ಷದ ಮಗಳ ಸಾವಿಗಾಗಿ ಮರಣದಂಡನೆಗೆ ಗುರಿಯಾದ ತಂದೆಯೊಬ್ಬನ ಶಿಕ್ಷೆ 2024ರ ಅಕ್ಟೋಬರ್ 17ರಂದು ಜಾರಿಯಾಗಬೇಕಿತ್ತು. ಅದೇ ರಾತ್ರಿ ತಡೆ ಬಿತ್ತು. ಇನ್ನೊಂದು ಪುಟ್ಟ ಘಟನೆ ಇವಕ್ಕಿಂತ ಹೆಚ್ಚು ಪಾಠ ಹೇಳುತ್ತದೆ. ರೆಟಿನಾದ ನಡುಭಾಗದ ಸುತ್ತ ಏಳುವ ಮಡಿಕೆ ಅಲುಗಾಟದಿಂದ ಮಾತ್ರ ಬರುತ್ತದೆ ಎಂಬುದು ಪಠ್ಯಪುಸ್ತಕದ ಮಾತಾಗಿತ್ತು. 2004ರಲ್ಲಿ ಅಮೆರಿಕದ ವೈದ್ಯರು 14 ತಿಂಗಳ ಮಗುವಿನ ಪ್ರಕರಣ ಪ್ರಕಟಿಸಿದರು. ಟಿ.ವಿ. ಪೆಟ್ಟಿಗೆ ಮೇಲೆ ಬಿದ್ದು ಮಗುವಿನ ತಲೆ ಜಜ್ಜಿಹೋಗಿತ್ತು, ಕಣ್ಣಿನಲ್ಲಿ ಅದೇ ಮಡಿಕೆ ಇತ್ತು. ಪಠ್ಯಪುಸ್ತಕ ತಿದ್ದಬೇಕಾಯಿತು.

ನಮ್ಮಲ್ಲಿ ಆಗುವುದಿಲ್ಲವೇ

‘ನಮ್ಮ ಕಡೆ ಮಕ್ಕಳನ್ನು ಹಾಗೆ ಮಾಡಲ್ಲ’ ಎಂಬ ಮಾತು ತುಮಕೂರಿನಲ್ಲೂ ಕೇಳುತ್ತದೆ, ಎಲ್ಲ ಊರಲ್ಲೂ ಕೇಳುತ್ತದೆ. ಅದು ಸುಳ್ಳೆಂದು ತಿಳಿಯಲು ದೂರ ಹೋಗಬೇಕಿಲ್ಲ. 2012ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಮೂರು ತಿಂಗಳ ಹೆಣ್ಣುಕೂಸೊಂದು ತೀರಿಕೊಂಡಿತು. ತಲೆಗೆ ಪೆಟ್ಟು, ಮಿದುಳಿನಲ್ಲಿ ರಕ್ತಸ್ರಾವ, ಮೈಮೇಲೆ ಕಚ್ಚಿದ ಗುರುತು. ಹೆಣ್ಣಾಗಿ ಹುಟ್ಟಿದ್ದಕ್ಕೆ ತಂದೆಯೇ ಹಿಂಸಿಸಿದ ಎಂಬ ಆರೋಪದ ಮೇಲೆ ಪೊಲೀಸರು ಆತನನ್ನು ಬಂಧಿಸಿದರು. ಅದೇ ವರ್ಷ ಜನವರಿಯಲ್ಲಿ ದೆಹಲಿಯ ಏಮ್ಸ್‌ಗೆ ಎರಡು ವರ್ಷದ ಮಗುವೊಂದು ಇಂಥದ್ದೇ ಸ್ಥಿತಿಯಲ್ಲಿ ಬಂದು ಮಾರ್ಚ್‌ನಲ್ಲಿ ತೀರಿಕೊಂಡಿತ್ತು. ಎರಡೂ ಪ್ರಕರಣ ದೇಶದ ಸುದ್ದಿಯಾದವು, ಏಕೆಂದರೆ ಮೈಮೇಲೆ ಗುರುತಿತ್ತು. ಗುರುತಿಲ್ಲದವು ಸುದ್ದಿಯಾಗುವುದಿಲ್ಲ. ಕೇಂದ್ರ ಸರ್ಕಾರ 2007ರಲ್ಲಿ ಮಕ್ಕಳ ಮೇಲಿನ ಹಿಂಸೆಯ ದೊಡ್ಡ ಅಧ್ಯಯನ ಪ್ರಕಟಿಸಿ, ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಗೆ ಒಳಗಾಗಿದ್ದಾರೆ ಎಂದಿತು. ಆ ಅಧ್ಯಯನ ಮಾತಾಡಿಸಿದ್ದು 5 ವರ್ಷ ದಾಟಿದ ಮಕ್ಕಳನ್ನು. ಮಾತು ಬಾರದ ಕೂಸುಗಳು ಅದರ ಲೆಕ್ಕದಲ್ಲಿ ಇಲ್ಲ.

ಕೂಸಿನ ಅಳು ಆರನೆಯ ವಾರದ ಆಸುಪಾಸಿನಲ್ಲಿ ತಾರಕಕ್ಕೇರುತ್ತದೆ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಹೊತ್ತುಗೊತ್ತಿಲ್ಲದೆ, ಕಾರಣವಿಲ್ಲದೆ ಅಳುವ ಕಾಲ ಅದು. ಸಿಟ್ಟಿನಲ್ಲಿ ಅಲುಗಾಡಿಸುವ ಘಟನೆಗಳು ಹೆಚ್ಚಾಗಿ ಕಾಣುವುದೂ ಮೊದಲ ಆರು ತಿಂಗಳಲ್ಲೇ. ನಮ್ಮ ಬಾಣಂತನದ ಪದ್ಧತಿಯಲ್ಲಿ ಎಷ್ಟೋ ದೋಷಗಳಿದ್ದರೂ ಈ ಒಂದು ವಿಷಯದಲ್ಲಿ ಅದು ದೊಡ್ಡ ಆಸರೆ. ತವರಿನಲ್ಲಿ ತಾಯಿ ದಣಿದರೆ ಅಜ್ಜಿ ಎತ್ತಿಕೊಳ್ಳುತ್ತಾಳೆ, ಅಜ್ಜಿ ದಣಿದರೆ ಚಿಕ್ಕಮ್ಮ. ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದು ಬಾಡಿಗೆ ಕೋಣೆಯಲ್ಲಿರುವ ಗಂಡ ಹೆಂಡಿರಿಗೆ ಆ ಆಸರೆ ಇಲ್ಲ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023–24ರ ಬಜೆಟ್‌ನಲ್ಲಿ ‘ಕೂಸಿನ ಮನೆ’ಗಳನ್ನು ಪ್ರಕಟಿಸಿತು. ಅಲ್ಲಿನ ಆರೈಕೆದಾರರಿಗೆ ಕೊಡುವ ತರಬೇತಿಯಲ್ಲಿ ‘ಅಳು ನಿಲ್ಲದಿದ್ದರೆ ಮಗುವನ್ನು ಚಾಪೆಯ ಮೇಲೆ ಮಲಗಿಸಿ ನೀವು ಹೊರಗೆ ಹೋಗಿ ನಿಲ್ಲಿ’ ಎಂಬ ಒಂದು ವಾಕ್ಯ ಇದ್ದರೆ ಅದು ಎಷ್ಟೋ ಜೀವ ಉಳಿಸೀತು. ಮಡಿಲಲ್ಲಿ ಆಡಿಸುವುದು, ಜೋಲಿ ತೂಗುವುದು, ಮೆಲ್ಲಗೆ ಕುಣಿಸುವುದು, ಇವುಗಳಿಂದ ಭಯವಿಲ್ಲ. ನೀರು ಹಾಕುವಾಗ ಕಾಲು ಹಿಡಿದು ತಲೆಕೆಳಗಾಗಿ ಬೀಸುವುದು ಕೆಲವು ಮನೆಗಳಲ್ಲಿ ಇನ್ನೂ ಇದೆ. ಅದನ್ನು ಬಿಟ್ಟರೆ ಕೂಸಿಗೆ ಏನೂ ನಷ್ಟವಿಲ್ಲ.

ರಸ್ತೆಯ ಅಪಘಾತಗಳ ಬಗ್ಗೆ ಒಂದು ಮಾತು. ಎಕ್ಸೆಲ್ ಗಾಡಿಯಲ್ಲಿ ಒಂದೇ ಕಡೆ ಕಾಲು ಇಳಿಬಿಟ್ಟು ಕೂತ ತಾಯಿಯ ತೋಳಿನಲ್ಲಿ ಹಸುಗೂಸು ಇರುವುದು ಗುಬ್ಬಿ ಸಂತೆಯ ದಾರಿಯಲ್ಲಿ ದಿನದ ನೋಟ. 9 ತಿಂಗಳಿಂದ 4 ವರ್ಷದವರೆಗಿನ ಮಕ್ಕಳಿಗೆ ಸೊಂಟಪಟ್ಟಿ, ಹೆಲ್ಮೆಟ್ ಕಡ್ಡಾಯ, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ಕೇಂದ್ರದ ನಿಯಮ 2023ರ ಫೆಬ್ರವರಿ 15ರಿಂದ ಜಾರಿಯಲ್ಲಿದೆ. ಕಾಗದದ ಮೇಲೆ.

ಒಂದು ಚುಚ್ಚುಮದ್ದಿನ ಕಥೆ

ಈ ವಿಷಯದಲ್ಲಿ ನಮ್ಮ ವೈದ್ಯರು ಪಾಶ್ಚಾತ್ಯ ಪುಸ್ತಕಕ್ಕಿಂತ ಹೆಚ್ಚು ನೆನಪಿಡಬೇಕಾದ ಕಾಯಿಲೆ ಒಂದಿದೆ. ಎದೆಹಾಲಿನಲ್ಲಿ ವಿಟಮಿನ್ ಕೆ ತೀರಾ ಕಡಿಮೆ. ಅದು ಇಲ್ಲದೆ ರಕ್ತ ಹೆಪ್ಪುಗಟ್ಟುವುದಿಲ್ಲ. ಹುಟ್ಟಿದ ದಿನವೇ ತೊಡೆಗೆ 1 ಮಿಲಿಗ್ರಾಂ ಚುಚ್ಚುಮದ್ದು ಕೊಟ್ಟರೆ ಮುಗಿಯುವ ಮಾತು. ತೂಕ 1 ಕಿಲೋಗಿಂತ ಕಡಿಮೆ ಇದ್ದರೆ ಅರ್ಧ ಮಿಲಿಗ್ರಾಂ. ಎಲ್ಲ ನವಜಾತರಿಗೂ ಕೊಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ತಪ್ಪಿಹೋದರೆ, ಗುಂಡುಗುಂಡಾಗಿ ಬೆಳೆಯುತ್ತಿದ್ದ ಕೂಸು ಒಂದೆರಡು ತಿಂಗಳಿಗೆ ಇದ್ದಕ್ಕಿದ್ದಂತೆ ಹಾಲು ಬಿಡುತ್ತದೆ, ಬಿಳಿಚುತ್ತದೆ, ನೆತ್ತಿಯ ಸುಳಿ ಉಬ್ಬುತ್ತದೆ, ಫಿಟ್ಸ್ ಬರುತ್ತದೆ. ಮನೆಯಲ್ಲಿ ಇದಕ್ಕೆ ಬಾಲಗ್ರಹ ಎನ್ನುತ್ತಾರೆ, ತಾಯಿತ ಕಟ್ಟಿಸುತ್ತಾರೆ. ಆಸ್ಪತ್ರೆಗೆ ಬಂದರೆ ಸ್ಕ್ಯಾನ್‌ನಲ್ಲಿ ಮಿದುಳಿನ ಸುತ್ತ ರಕ್ತ, ರೆಟಿನಾದಲ್ಲೂ ರಕ್ತ ಕಾಣಬಹುದು. ಯಾರೂ ಮುಟ್ಟಿಲ್ಲ, ಮಗು ಬಿದ್ದೂ ಇಲ್ಲ. ಪುಸ್ತಕ ಮಾತ್ರ ಓದಿದವರ ಕಣ್ಣಿಗೆ ಇದು ಹಿಂಸೆಯ ಪ್ರಕರಣದಂತೆಯೇ ಕಾಣುತ್ತದೆ.

ಬೇರ್ಪಡಿಸುವುದು ಒಂದು ಸರಳ ರಕ್ತಪರೀಕ್ಷೆ, ಹೆಪ್ಪುಗಟ್ಟುವ ಸಮಯದ್ದು. ಇಲ್ಲೊಂದು ಸೂಕ್ಷ್ಮ ಇದೆ. ಕಾಯಿಲೆ ಅನುಮಾನವಾದ ಕೂಡಲೇ ವಿಟಮಿನ್ ಕೆ ಕೊಡಲೇಬೇಕು, ತಡ ಮಾಡಬಾರದು. ಕೊಟ್ಟ ಕೆಲವೇ ಗಂಟೆಗಳಲ್ಲಿ ಪರೀಕ್ಷೆಯ ಫಲಿತಾಂಶ ಸರಿಹೋಗತೊಡಗುತ್ತದೆ. ಕುಣಿಗಲ್‌ನಲ್ಲಿ ಔಷಧ ಕೊಟ್ಟು, ರಕ್ತದ ಮಾದರಿ ತೆಗೆಯದೆ ಬೆಂಗಳೂರಿಗೆ ಕಳುಹಿಸಿದರೆ, ಬೆಂಗಳೂರು ತಲುಪುವ ಹೊತ್ತಿಗೆ ‘ಹೆಪ್ಪುಗಟ್ಟುವಿಕೆ ಸರಿಯಾಗಿದೆ’ ಎಂಬ ವರದಿ ಬರಬಹುದು. ನಿರಪರಾಧಿ ತಾಯಿಯ ಪರವಾಗಿ ಇದ್ದ ಒಂದೇ ಪುರಾವೆ ದಾರಿಯಲ್ಲಿ ಅಳಿಸಿಹೋಗಿರುತ್ತದೆ. ಮೊದಲು ಎರಡು ಮಿಲಿ ರಕ್ತ ತೆಗೆದಿಟ್ಟು, ಆಮೇಲೆ ಸೂಜಿ. ಚೀಟಿಯಲ್ಲಿ ಎರಡರ ಹೊತ್ತನ್ನೂ ಬರೆಯಬೇಕು.

ಆ ಪರೀಕ್ಷೆಯೂ ಹಿಡಿಯಲಾರದ ಕಾಯಿಲೆ ಇವೆ. ಹದಿಮೂರನೆಯ ಹೆಪ್ಪುಗಟ್ಟು ಅಂಶ ಹುಟ್ಟಿನಿಂದಲೇ ಇಲ್ಲದ ಮಕ್ಕಳಲ್ಲಿ ಸಾಮಾನ್ಯ ಪರೀಕ್ಷೆಗಳೆಲ್ಲ ಸರಿಯಾಗಿಯೇ ಬರುತ್ತವೆ. ಹೊಕ್ಕುಳಬಳ್ಳಿ ಬಿದ್ದ ಜಾಗದಲ್ಲಿ ದಿನಗಟ್ಟಲೆ ರಕ್ತ ಜಿನುಗಿದ್ದೇ ಅದರ ಸುಳಿವು. ಗ್ಲುಟಾರಿಕ್ ಆಸಿಡೂರಿಯಾ ಎಂಬ ಚಯಾಪಚಯ ದೋಷದಲ್ಲೂ ಮಿದುಳಿನ ಸುತ್ತ ಮತ್ತು ಕಣ್ಣಿನಲ್ಲಿ ರಕ್ತ ಕಾಣಬಹುದು. ಇವು ಅಪರೂಪದವು. ಆದರೆ ರಕ್ತಸಂಬಂಧದ ಮದುವೆಗಳಲ್ಲಿ ಇಂಥ ದೋಷಗಳು ಹೆಚ್ಚು, ಸೋದರಮಾವ, ಅತ್ತೆ ಮಗ ಎಂದು ಒಳಗೊಳಗೇ ಮದುವೆಯಾಗುವ ರೂಢಿ ಈ ಸೀಮೆಯಲ್ಲಿ ಗಟ್ಟಿಯಾಗಿದೆ. ‘ನಿಮ್ಮದು ಸಂಬಂಧದಲ್ಲೇ ಮದುವೆಯಾ?’ ಎಂಬ ಪ್ರಶ್ನೆಯನ್ನು ಹೊರದೇಶದ ಮಾರ್ಗಸೂಚಿ ಮೊದಲು ಕೇಳದಿರಬಹುದು. ತುಮಕೂರಿನಲ್ಲಿ ಕೇಳಲೇಬೇಕು.

ಇನ್ನು ಹೆರಿಗೆ. ಸಹಜವಾಗಿ ಹುಟ್ಟಿದ ಮಕ್ಕಳಲ್ಲಿ ಕಾಲುಭಾಗದಷ್ಟು ಕೂಸುಗಳ ರೆಟಿನಾದಲ್ಲಿ ರಕ್ತದ ಚುಕ್ಕೆ ಇರುತ್ತವೆ. ವ್ಯಾಕ್ಯೂಮ್ ಹಾಕಿ ಎಳೆದರೆ ಇನ್ನೂ ಹೆಚ್ಚು. ಬಹುಪಾಲು ಎರಡು ವಾರದಲ್ಲಿ, ಉಳಿದವು ತಿಂಗಳು ಒಂದೂವರೆ ತಿಂಗಳಲ್ಲಿ ಹೋಗುತ್ತವೆ. ಹತ್ತು ದಿನದ ಕೂಸಿನ ಕಣ್ಣಿನಲ್ಲಿ ಚುಕ್ಕೆ ಕಂಡರೆ ಯಾರನ್ನೂ ದೂರಬೇಕಿಲ್ಲ, ಮೂರು ತಿಂಗಳ ಕೂಸಿನಲ್ಲಿ ಕಂಡರೆ ಹೆರಿಗೆಯ ನೆಪ ಹೇಳುವಂತಿಲ್ಲ.

ಕ್ಯಾಮೆರಾ ಇದೆ

ಕರ್ನಾಟಕಕ್ಕೆ ಕೂಸಿನ ಕಣ್ಣಿನೊಳಗೆ ನೋಡುವುದು ಗೊತ್ತಿಲ್ಲದ ವಿದ್ಯೆಯಲ್ಲ. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ರೆಟಿನಾ ತೊಂದರೆ ಹಿಡಿಯಲು ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ‘ಕಿಡ್‌ರಾಪ್’ ಎಂಬ ಯೋಜನೆ ಶುರುಮಾಡಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುತ್ತಾರೆ, ಪಾಪೆ ಹಿಗ್ಗಿಸಿ ಪರದೆಯ ಚಿತ್ರ ತೆಗೆಯುತ್ತಾರೆ, ಬೆಂಗಳೂರಿನಲ್ಲಿ ಕೂತ ತಜ್ಞರು ಮೊಬೈಲಿನಲ್ಲೇ ಅದನ್ನು ಓದುತ್ತಾರೆ. ಸರ್ಕಾರವೂ ಇದರಲ್ಲಿ ಕೈಜೋಡಿಸಿತು. ಇಂಥ ಚಿತ್ರ ತೆಗೆಯುವ ಕ್ಯಾಮೆರಾವನ್ನು ಬೆಂಗಳೂರಿನ ಫೋರಸ್ ಹೆಲ್ತ್ ಕಂಪನಿಯೂ ತಯಾರಿಸುತ್ತದೆ. ಅಷ್ಟು ದೊಡ್ಡ ಯಂತ್ರ ಇಲ್ಲದಿದ್ದರೂ, ತಜ್ಞರ ಜೇಬಿನ ಮಸೂರ ಮತ್ತು ಸಾಧಾರಣ ಸ್ಮಾರ್ಟ್‌ಫೋನ್ ಸೇರಿದರೆ ರೆಟಿನಾದ ಒಂದು ಚಿತ್ರ ಸಿಗುತ್ತದೆ. ಕೈಯಲ್ಲಿ ಬರೆದ ನಕ್ಷೆಗಿಂತ ಅದು ಎಷ್ಟೋ ಮೇಲು. ವರ್ಷಗಳ ನಂತರ ನ್ಯಾಯಾಲಯದಲ್ಲಿ ಇನ್ನೊಬ್ಬ ತಜ್ಞರು ಅದನ್ನು ನೋಡಿ ತಮ್ಮ ಅಭಿಪ್ರಾಯ ಹೇಳಬಹುದು. ಈ ಕ್ಯಾಮೆರಾಗಳನ್ನು ತಲೆಗೆ ಪೆಟ್ಟಾದ ಕೂಸಿಗೂ ಬಳಸುವುದಕ್ಕೆ ಹೊಸ ಕಟ್ಟಡ, ಹೊಸ ಹುದ್ದೆ ಬೇಕಿಲ್ಲ. ‘2 ವರ್ಷದೊಳಗಿನ ಮಗುವಿನ ಸ್ಕ್ಯಾನ್‌ನಲ್ಲಿ ರಕ್ತ ಕಂಡರೆ ಕಣ್ಣಿನ ವಿಭಾಗಕ್ಕೆ ತಿಳಿಸಿ’ ಎಂದು ಜಿಲ್ಲಾಸ್ಪತ್ರೆಯ ಗೋಡೆಯ ಮೇಲೆ ಒಂದು ಸಾಲಿನ ಆದೇಶ ಸಾಕು.

ಕಣ್ಣು ನೋಡುವುದು ಪೊಲೀಸರಿಗಾಗಿ ಮಾತ್ರ ಅಲ್ಲ. ರೆಟಿನಾದ ರಕ್ತ ಕರಗಿದ ಮೇಲೆ ಎಷ್ಟೋ ಮಕ್ಕಳ ದೃಷ್ಟಿ ಸರಿಯಾಗಿರುತ್ತದೆ. ಆದರೆ ನಡುಭಾಗದ ಮುಂದೆ ರಕ್ತ ಮಡುಗಟ್ಟಿ ವಾರಗಟ್ಟಲೆ ಬೆಳಕು ತಡೆದರೆ ಎಳೆಯ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ, ಸೋಮಾರಿ ಕಣ್ಣಾಗುತ್ತದೆ. ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಬೇಕು. ಇನ್ನು ಕೆಲವು ಮಕ್ಕಳಲ್ಲಿ ಕಣ್ಣು ಸರಿಯಾಗಿದ್ದೂ ಮಿದುಳಿನ ನೋಟದ ಭಾಗ ಹಾಳಾಗಿರುತ್ತದೆ. ಆ ಮಗು ದೀಪ ಹಚ್ಚಿದರೂ ತಿರುಗುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಕಣ್ಣಿನ ಮರುತಪಾಸಣೆಯ ದಿನ ಬರೆಯದಿದ್ದರೆ ಮನೆಯವರು ಅದನ್ನು ಗುರುತಿಸುವುದು ಮಗು ನಡೆಯಲು ಶುರುಮಾಡಿ ಗೋಡೆಗೆ ತಾಗಿದಾಗ.

ಹಿಂಸೆಯ ಅನುಮಾನ ಬಂದಾಗ ವೈದ್ಯರು ಎಂಎಲ್‌ಸಿ, ಅಂದರೆ ಮೆಡಿಕೊ-ಲೀಗಲ್ ಪ್ರಕರಣ, ದಾಖಲಿಸಬೇಕು, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ತನ್ನ ಸುಪರ್ದಿಯಲ್ಲಿರುವ ಮಗುವಿನ ಮೇಲಿನ ಕ್ರೌರ್ಯಕ್ಕೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಅಡಿ ಶಿಕ್ಷೆ ಇದೆ. ಎಂಎಲ್‌ಸಿ ಎಂದರೆ ಆರೋಪವಲ್ಲ, ದಾಖಲೆ. ಈ ಮಾತನ್ನು ವೈದ್ಯರು ಬಾಯಿಬಿಟ್ಟು ಹೇಳಿದರೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಓಡಿಹೋಗುವ ಕುಟುಂಬಗಳು ಕಡಿಮೆಯಾಗುತ್ತವೆ.

ಓದುಗರಿಗೆ ಹೇಳಬೇಕಾದ್ದು ಇಷ್ಟು. ಎರಡು ವರ್ಷದೊಳಗಿನ ಮಗು ಮೂರು ಅಡಿಗಿಂತ ಎತ್ತರದಿಂದ ಬಿದ್ದಿದ್ದರೆ, ತಲೆಯ ಪಕ್ಕದಲ್ಲೋ ಹಿಂಬದಿಯಲ್ಲೋ ಊತವಿದ್ದರೆ, ಮಂಕಾಗಿದ್ದರೆ, ಮೇಲಿಂದ ಮೇಲೆ ವಾಂತಿ ಮಾಡಿದರೆ, ಫಿಟ್ಸ್ ಬಂದರೆ ದೃಷ್ಟಿ ತೆಗೆಯುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ. ತಾಯಿ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಡಿ, ವಿಟಮಿನ್ ಕೆ ಕೊಟ್ಟದ್ದು ಅದರಲ್ಲಿ ಬರೆದಿದೆಯೇ ನೋಡಿ. ಕಂಡದ್ದನ್ನು ಕಂಡವರೇ ಹೇಳಿ. ಯಾರೂ ನೋಡಿರದಿದ್ದರೆ ‘ನೋಡಿಲ್ಲ’ ಎಂದೇ ಹೇಳಿ, ಊಹಿಸಿ ಕಥೆ ಕಟ್ಟಬೇಡಿ. ಸ್ಕ್ಯಾನ್‌ನಲ್ಲಿ ರಕ್ತ ಇದೆ ಎಂದರೆ, ‘ಸಾರ್, ಕಣ್ಣೊಳಗೂ ನೋಡಿಸಿ’ ಎಂದು ನೀವೇ ಕೇಳಿ. ಪಕ್ಕದ ಮನೆಯ ಕೂಸಿಗೆ ಹಿಂಸೆಯಾಗುತ್ತಿದೆ ಎಂದು ಅನ್ನಿಸಿದರೆ ಮಕ್ಕಳ ಸಹಾಯವಾಣಿಯ ಸಂಖ್ಯೆ 1098, ಹಗಲು ರಾತ್ರಿ ಎನ್ನದೆ ತೆಗೆಯುತ್ತಾರೆ, ಕರೆಗೆ ಕಾಸಿಲ್ಲ.